ಗೆರೆಯಿಲ್ಲದ ಹೆಬ್ಬೆರಳಿಗೊಂದು ಅರ್ಜಿ

ಈ ರಾಜ್ಯವನ್ನು ಆಳುತ್ತಿರುವವರು ಯಾರೆಂದು ನೀವು ತಿಳಿದಿದ್ದೀರೋ ನನಗೆ ಗೊತ್ತಿಲ್ಲ. ಬನಹಟ್ಟಿಯಲ್ಲಿರುವ ನನ್ನ ಸೋದರತ್ತೆಯಂತೂ ತಾನೇ ಆಳುತ್ತಿದ್ದೇನೆಂದು ನಂಬಿದ್ದಾಳೆ! ವಿಧಾನಸೌಧದಲ್ಲಿ ಕುಳಿತವರೆಲ್ಲ ಅವಳ ಪಾಲಿಗೆ ಹೇಳಿದ ಕೆಲಸವನ್ನು ಕೊಂಚ ತಡವಾಗಿ ಮಾಡುವ ಸೊಸೆಯಂದಿರು, ಅಷ್ಟೆ. ಆಗಾಗ ನೆನಪಿಸಬೇಕಾಗುತ್ತದೆ. ನೆನಪಿಸುವುದಕ್ಕೆ ಅರ್ಜಿ.

ಜಮಖಂಡಿಯಿಂದ ಗಲಗಲಿಗೆ ಹೋಗುವ ಬಸ್ಸು ಡ್ರೈವರನ ಚಹಾ ಮುಗಿದಾಗ ಅಲ್ಲ, ಗಡಿಯಾರ ಹೇಳಿದಾಗ ಹೊರಡಬೇಕು ಎಂದು ಒಂದು ಅರ್ಜಿ. ಮುಖಂಡರ ಭಾಷಣ ಹತ್ತು ನಿಮಿಷ ದಾಟಿದರೆ ಮೈಕಿನ ತಂತಿ ಕೀಳುವ ಅಧಿಕಾರವನ್ನು ಕೇಳುವವರಿಗೆ ಕೊಡುವಂತೆ ಕಾನೂನು ತರಬೇಕು ಎಂದು ಇನ್ನೊಂದು. ಆಶ್ಚರ್ಯವೆಂದರೆ, ಈ ಎರಡನೆಯದಕ್ಕೆ ಉತ್ತರ ಬಂತು! 'ನಿಮ್ಮ ಮನವಿಯನ್ನು ಪರಿಶೀಲಿಸಲಾಗುವುದು.' ಅತ್ತೆ ಆ ಕಾಗದಕ್ಕೆ ಕಟ್ಟು ಹಾಕಿಸಿ, ತನ್ನ ಮದುವೆ ಫೋಟೊ ಇದ್ದ ಮೊಳೆಗೇ ತೂಗುಹಾಕಿದಳು. ಫೋಟೊ ಟ್ರಂಕಿಗೆ ಹೋಯಿತು. ಮಾಮಾ ಗೊಣಗಿದ್ದಕ್ಕೆ ಅವಳೆಂದಳು: "ಅದರಾಗ ನೀವು ನನ್ನ ಕಡಿ ನೋಡೇ ಇಲ್ರಿ. ಇವ್ರು ಪರಿಶೀಲಿಸ್ತೀವಿ ಅಂದಾರ!"

ನಾನು ಜಮಖಂಡಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ಸರ್ಕಾರ ಟೈಪು ಮಾಡಿದ್ದನ್ನು ಮಾತ್ರ ಓದುತ್ತದೆ ಎಂದು ಅತ್ತೆಗೆ ಯಾರೋ ಹೇಳಿದ ದಿನದಿಂದ ನನ್ನ ಭಾನುವಾರಗಳು ಹೋದವು. ಬೆಳಗ್ಗಿನ ಬಸ್ಸಿಗೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ನಾನು 'ಸವಿನಯ ಪ್ರಾರ್ಥನೆ' ಎಂದು ಟೈಪಿಸಿದರೆ, "ಸವಿನಯ ಯಾಕ? ನಾ ಸಿಟ್ಟಿಗೆದ್ದೇನಿ ಅಂತ ಬರಿ" ಎನ್ನುತ್ತಾಳೆ. ಕೊನೆಯಲ್ಲಿ 'ಇಂತಿ ತಮ್ಮ ವಿಧೇಯ' ಬಂತೋ, ಕುರ್ಚಿಯಿಂದಲೇ ಏಳುತ್ತಾಳೆ. "ವಿಧೇಯ? ನಿಮ್ಮ ಮಾಮಾಗ ಆಗ್ಲಿಲ್ಲ, ಇವ್ರಿಗೆ ಆಗ್ತೇನೇನ!"

ಆದರೆ ಒಂದು ಭಾನುವಾರ ಅವಳು ಬಂದಾಗ ಮುಖದಲ್ಲಿ ತಮಾಷೆ ಇರಲಿಲ್ಲ.

ಅತ್ತೆಗೆ ಒಬ್ಬಳು ಅಕ್ಕ ಇದ್ದಾಳೆ, ಪಕ್ಕದ ಮನೆಯಲ್ಲೇ. ನಾವೆಲ್ಲ ದೊಡ್ಡತ್ತೆ ಎನ್ನುತ್ತೇವೆ. ತಂಗಿಗೆ ಎಷ್ಟು ಮಾತೋ ಅಕ್ಕನಿಗೆ ಅಷ್ಟು ಮೌನ. ಸಣ್ಣವಳಿದ್ದಾಗಿನಿಂದ ಸೀರೆ ನೇಯುವ ಮಗ್ಗದ ನೂಲನ್ನು ಕಂಡಿಕೆಗೆ, ಎಂದರೆ ಲಾಳಿಯೊಳಗಿನ ಸಣ್ಣ ಕೊಳವೆಗೆ, ಸುತ್ತಿದವಳು. ನೂಲು ಬೆರಳಿನ ಮೇಲೆ ಹರಿದು ಹರಿದು ಹೆಬ್ಬೆರಳು ತೊಳೆದ ಗಾಜಿನಂತೆ ನುಣುಪಾಗಿದೆ. ರೇಷನ್ ಅಂಗಡಿಗೆ ಬಂದ ಯಂತ್ರ ಅದನ್ನು ಹೆಬ್ಬೆರಳೆಂದೇ ಒಪ್ಪಲಿಲ್ಲ! ಲಿಂಬೆಹಣ್ಣು ತಿಕ್ಕಿದ್ದಾಯಿತು, ಕೊಬ್ಬರಿ ಎಣ್ಣೆ ಸವರಿದ್ದಾಯಿತು. ಮೂರು ಸಲ ಖಾಲಿ ಚೀಲ ಹಿಡಿದು ಮರಳಿದಳು. ಅಂಗಡಿಯವನು ಎದುರು ಮನೆಯವನೇ. ಅವಳ ಕಣ್ಣೆದುರಿಗೇ ಬೆಳೆದವನು. "ನನಗ ನೀವು ಯಾರಂತ ಗೊತ್ತದರಿ ಅವ್ವಾ. ಮಷೀನಿಗಿ ಗೊತ್ತಿಲ್ಲ. ನಾ ಏನ ಮಾಡ್ಲಿ?" ಎಂದು ಅವನೇ ಅಳುಮೋರೆ ಮಾಡಿದನಂತೆ.

ವಿಚಾರಿಸಿದರೆ ಅತ್ತೆಯ ಓಣಿಯಲ್ಲಿ, ಆಚೆ ರಬಕವಿಯಲ್ಲಿ, ನೂಲು ಸುತ್ತಿದ ಮುದುಕಿಯರ ಕತೆಯೆಲ್ಲ ಅದೇ. ಈ ಸಲದ ಅರ್ಜಿ ಅರ್ಧ ಪುಟ ಮಾತ್ರ: ಗೆರೆ ಸವೆದವರಿಗೆ ಬೆರಳಿನ ನಿಯಮ ಬಿಡಿ, ಅವರನ್ನು ಬಲ್ಲವರೊಬ್ಬರು ವಹಿಯಲ್ಲಿ ಸಹಿ ಮಾಡಿದರೆ ಕಾಳು ಕೊಡಿ. ಅತ್ತೆ ಗೆರೆ ಸವೆದವರ ಮನೆಮನೆ ಅಲೆದು ಬೆಂಬಲ ಸಂಗ್ರಹಿಸಿದಳು. ಸಹಿ ಮಾಡಲು ಬರುವವರಿಗೂ ಪೆನ್ನು ಕೊಡಲಿಲ್ಲ. "ಸಹಿ ಬ್ಯಾಡ. ಹೆಬ್ಬಟ್ಟ ಒತ್ತ್ರಿ!" ಹಾಳೆಗಳನ್ನು ತಂದು ನನ್ನ ಮುಂದೆ ಹಿಡಿದಳು. ಪುಟದ ತುಂಬ ನೀಲಿ ಮಚ್ಚೆಗಳು; ಯಾರೋ ನೇರಳೆಹಣ್ಣು ತಿಂದು ಕೈ ಒರೆಸಿದ ಹಾಗೆ! ಇದನ್ನು ತಹಶೀಲ್ದಾರ್ ಸಾಹೇಬರ ಮುಂದೆ ಇಡುವುದೆ?

ಇಟ್ಟಳು. ಜನರ ಅಹವಾಲು ಕೇಳುವ ದಿನ ಅಕ್ಕನ ಕೈ ಹಿಡಿದುಕೊಂಡು ಹೋಗಿ, ಮೇಜಿನ ಮೇಲೆ ಹರವಿಯೇಬಿಟ್ಟಳು. ನಾನು ಹಿಂದೆ ನಿಂತಿದ್ದೆ, ಬಾಗಿಲಿಗೆ ಹತ್ತಿರವಾಗಿ.

ಸಾಹೇಬರು ಕನ್ನಡಕ ಏರಿಸಿ, ಇಳಿಸಿ ನೋಡಿದರು. "ಏನ್ರೀ ಇದು? ಬರೇ ಮಸಿ. ಒಂದರಾಗೂ ಗೆರಿ ಇಲ್ಲಲ್ರೀ!"

"ಅದನ್ನೇ ಸಾಹೇಬ್ರ, ನಾವೂ ಹೇಳಾಕತ್ತೇವಿ!"

ಕೋಣೆಯಲ್ಲಿ ನಗು ಎದ್ದಿತು. ಸಾಹೇಬರು ನಗಲಿಲ್ಲ. ಮಸಿಯ ಡಬ್ಬಿ ತರಿಸಿ ದೊಡ್ಡತ್ತೆಯ ಹೆಬ್ಬೆರಳನ್ನು ತಾವೇ ಹಿಡಿದು ಒತ್ತಿಸಿದರು. ಪಕ್ಕದಲ್ಲಿ ತಮ್ಮದನ್ನು ಒತ್ತಿದರು. ಎರಡನ್ನೂ ಬಹಳ ಹೊತ್ತು ನೋಡಿದರು. "ಎಲ್ಲಿ ಹೋದ್ವು ಅವ್ವಾ ಇವು?" ಎಂದು ಮೆಲ್ಲನೆ ಕೇಳಿದರು. ಎಂದೂ ಮಾತಾಡದ ದೊಡ್ಡತ್ತೆ ಮಾತಾಡಿದಳು: "ಸೀರ್ಯಾಗ ಹೋದ್ವು ಯಪ್ಪಾ."

ಅರ್ಜಿಗೆ ತಮ್ಮ ಶಿಫಾರಸನ್ನೂ ಸೇರಿಸಿ ಅವರು ಮೇಲಕ್ಕೆ ಕಳಿಸಿದರು. ಮೇಲಿನವರನ್ನು ಸುಮ್ಮನೆ ಕೂರಲು ಅತ್ತೆ ಬಿಟ್ಟಾಳೆಯೆ? ವಾರಕ್ಕೊಂದು ಕಾರ್ಡು! ಪ್ರತಿಯೊಂದರಲ್ಲೂ ಒಂದೇ ಸಾಲು: 'ನಾವಿನ್ನೂ ಇಲ್ಲೇ ಅದೇವಿ.'

ಕೊನೆಗೆ ಆದೇಶ ಬಂತು! ಅತ್ತೆ ಕೇಳಿದ್ದೇ ಬಂತು. ಅಂಗಡಿಯವನು ಅದನ್ನು ಓದಲು ಕಟ್ಟೆ ಹತ್ತಿದ. ಮಗ್ಗಗಳ ಖಟಪಟದಲ್ಲಿ ಒಂದಕ್ಷರ ಕೇಳಿಸಲಿಲ್ಲ. "ಬಂದ್ ಮಾಡ್ರಿ ಎಲ್ಲಾ!" ಎಂದು ಅತ್ತೆ ಕೂಗಿದಳು. ಒಂದೊಂದಾಗಿ ಇಡೀ ಓಣಿಯ ಮಗ್ಗಗಳು ನಿಂತವು. ಹಾಡಹಗಲಲ್ಲಿ ಆ ಓಣಿ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಕಂಡೇ ಇರಲಿಲ್ಲ. ಅವನು ಓದಿದ. "ಇನ್ನೊಮ್ಮಿ ಓದ" ಎಂದಳು. ಮತ್ತೆ ಓದಿದ. ಆಮೇಲೆ ಎದ್ದ ಕೇಕೆಗೆ ಮಗ್ಗಗಳೇ ನಾಚಬೇಕು! ಪೇಢೆ ಹಂಚಿದರು, ಗುಲಾಲು ಹಾರಿಸಿದರು. ಮಾಮಾನ ಬೋಳುತಲೆ ಎರಡು ದಿನ ಕೆಂಪಗಿತ್ತು.

ಮರುದಿನ ಅಂಗಡಿಯಲ್ಲಿ ಮೊದಲ ಸರದಿ ಅತ್ತೆಯದು. ಅಭ್ಯಾಸಬಲದಿಂದ ಹೆಬ್ಬೆರಳನ್ನು ಯಂತ್ರದ ಮೇಲಿಟ್ಟಳು. ಅದು ತಟ್ಟನೆ ಹಸಿರು ದೀಪ ತೋರಿಸಿತು!

ಅತ್ತೆಯ ಗೆರೆಗಳೂ ಸವೆದಿವೆಯೆಂದೇ ತಿಳಿದಿದ್ದ ನಾನು ಬೆರಗಾದೆ. "ಅತ್ತಿ, ನಿಮ್ದು ತಗೋತೈತಲ್ರೀ! ಮತ್ತ ಇಷ್ಟೆಲ್ಲಾ ಯಾಕ ಬಡದಾಡಿದ್ರಿ?"

ಅತ್ತೆ ಸುತ್ತ ನೋಡಿ ದನಿ ತಗ್ಗಿಸಿದಳು. "ನಮ್ಮ ಮನ್ಯಾಗ ಇಬ್ಬರೂ ಕಂಡಿಕಿ ಸುತ್ತಬೇಕಿತ್ತು. ನನಗ ಸಾಲಿ ಹುಚ್ಚ. 'ನಿನ್ನ ಪಾಲಿಂದೂ ನಾ ಸುತ್ತತೇನಿ, ನೀ ನಡಿ' ಅಂದ್ಳು ಅಕ್ಕ. ನನ್ನ ಏಳನೇ ಕ್ಲಾಸ ಮುಗಿಯೂತನ ಸುತ್ತಿದ್ಳು. ನನ್ನ ಕೈಯಾಗಿನ ಗೆರಿ ಅದಾವಲ್ಲ, ಅವು ಆಕೀವು."

ಅಷ್ಟರಲ್ಲಿ ದೊಡ್ಡತ್ತೆಯ ಸರದಿ ಬಂತು. ಅಂಗಡಿಯವನು ಹೊಸ ವಹಿ ತೆರೆದು ಅತ್ತೆಯ ಕಡೆಗೆ ತಿರುಗಿಸಿದ. ಗುರುತಿಸಿದವರ ಸಹಿ, ಅದರ ಮುಂದೆ ಸಂಬಂಧ. ಸರ್ಕಾರಕ್ಕೆ ಪುಟಗಟ್ಟಲೆ ಬರೆದವಳು ಪೆನ್ನು ತೆಗೆದುಕೊಂಡಳು. ಸಹಿ ಮಾಡಿ, ಪಕ್ಕದ ಅಂಕಣದಲ್ಲಿ ಗೆರೆ ಮೀರುವಷ್ಟು ದೊಡ್ಡದಾಗಿ ಬರೆದಳು: 'ತಂಗಿ.'