ಕಡಕೊಳದ ಹಳದಿ ನೀರಿಗೆ ಮೂರು ಮದ್ದು

ಕಡಕೊಳ,
ಮಾರ್ಚ್ 2003

ಅಂತರ್ಜಲ ಶುದ್ಧೀಕರಣ ಸಮಿತಿಯ ಅಧ್ಯಕ್ಷರಾದ ಶ್ರೀ ವಾಗೀಶರ ಸನ್ನಿಧಾನಕ್ಕೆ, ಕೈಗಾರಿಕಾ ಪ್ರದೇಶದಲ್ಲಿ ಊಟದ ಮೆಸ್ ನಡೆಸುವ ಸಿದ್ದಲಿಂಗಮ್ಮ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಸರಸ್ವತಿಪುರಂನಿಂದ ಇಷ್ಟು ದೂರ ದಯಮಾಡಿಸಿ, ನಮ್ಮ ಬಾವಿಯ ನೀರನ್ನು ಗಾಜಿನ ಸೀಸೆಯಲ್ಲಿ ಹಿಡಿದು, ಬಿಸಿಲಿಗೆ ಎತ್ತಿ ನೋಡಿ, "ಒಳ್ಳೇ ಬಣ್ಣ ಬಂದಿದೆ" ಎಂದು ಮೆಚ್ಚಿದ್ದನ್ನು ನಾವು ಮರೆಯುವಂತಿಲ್ಲ. ಪಕ್ಕದಲ್ಲಿ ಲೋಹಕ್ಕೆ ಹೊಳಪು ಲೇಪಿಸುವ ಕಾರ್ಖಾನೆ ಬಂದಮೇಲೆ ಆ ನೀರು ಅರಿಶಿನ ಕದಡಿದಂತಾಗಿದೆ. ಅದರಲ್ಲೇ ಪಾತ್ರೆ ತೊಳೆದ ನಮ್ಮತ್ತೆ ಸುಂದರಮ್ಮನವರ ಅಂಗೈ ಹುಣ್ಣಾಗಿ, ಈಗ ತುತ್ತು ಕಲಸಿ ನಾನೇ ತಿನ್ನಿಸಬೇಕು.

ಪಂಚಾಯಿತಿ ಮುಂದೆ ಶಾಮಿಯಾನ ಹಾಕಿಸಿ ತಾವು ಮೂರು ವಿಧಾನಗಳನ್ನು ವಿವರಿಸಿದಿರಿ. ನೀರನ್ನೆಲ್ಲ ಮೇಲೆತ್ತಿ ಶುದ್ಧ ಮಾಡುವುದು ಒಂದು; ಅದಕ್ಕೆ ಕರೆಂಟು ಸಾಲದು. ಭೂಮಿಯೊಳಕ್ಕೆ ಸಕ್ಕರೆ ಕಾರ್ಖಾನೆಯ ಕಾಕಂಬಿ ಇಳಿಸಿ, ಅದನ್ನು ತಿಂದು ಬೆಳೆಯುವ ಸೂಕ್ಷ್ಮಜೀವಿಗಳಿಂದ ವಿಷದ ಹಲ್ಲು ಕೀಳಿಸುವುದು ಇನ್ನೊಂದು. ಕಾಕಂಬಿಯಿಂದ ಸಾರಾಯಿ ಕಾಯಿಸಿಬಿಟ್ಟಾರೆಂದು ಅದಕ್ಕೆ ಅಬಕಾರಿ ಇಲಾಖೆ ಒಪ್ಪದು. ಮೂರನೆಯದು, ಏನೂ ಮಾಡದೆ, ಪ್ರಕೃತಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುವುದನ್ನು ಗಮನಿಸುತ್ತಾ ಕೂರುವುದು. ಸಮಿತಿ ಒಮ್ಮತದಿಂದ ಇದನ್ನೇ ಆರಿಸಿತು. ಯಾವ ತರಬೇತಿಯೂ ಇಲ್ಲದೆ ಇದೇ ವಿಧಾನವನ್ನು ನಾವು ಮೂರು ವರ್ಷದಿಂದ ಪಾಲಿಸಿಕೊಂಡು ಬಂದಿದ್ದೇವೆಂದು ತಿಳಿದು ಹೆಮ್ಮೆಯಿಂದ ಕಣ್ಣು ತುಂಬಿತು.

ಆಗ ನಮ್ಮ ಮೆಸ್ಸಿನಲ್ಲಿ ಮುದ್ದೆ ಕಟ್ಟುವ ಬೋರಮ್ಮ ಎದ್ದುನಿಂತು, "ಅಲ್ಲಾ ಸ್ವಾಮಿ, ಕಾರ್ಖಾನೆ ಮೋರಿ ಇನ್ನೂವೆ ಅರೀತಾನೇ ಐತಲ್ಲ, ಅದ್ನ ಮೊದ್ಲು ನಿಲ್ಸಾಕಿಲ್ವಾ?" ಎಂದು ಕೇಳಿಬಿಟ್ಟಳು. "ಕೂತ್ಕೊಳ್ಳಮ್ಮ, ಅದು ಸಮಿತಿಯ ವ್ಯಾಪ್ತಿಗೆ ಬರೋದಿಲ್ಲ" ಎಂದು ತಾವು ಎಷ್ಟು ತಾಳ್ಮೆಯಿಂದ ತಿಳಿಹೇಳಿದಿರಿ! ಆಕೆಯ ಪರವಾಗಿ ಕ್ಷಮೆ ಕೋರುತ್ತೇನೆ. ಜೊತೆಗೊಂದು ವಿನಂತಿ: ವರದಿ ಅಚ್ಚಾಗುವವರೆಗೆ ಇದ್ದಲ್ಲೇ ಇರತಕ್ಕದ್ದೆಂದು ಅಂತರ್ಜಲಕ್ಕೆ ನೋಟೀಸು ಜಾರಿ ಮಾಡಿಸಿ, ಅದರ ಒಂದು ನಕಲನ್ನು ಅತ್ತೆಯ ಅಂಗೈಗೂ ಕಳುಹಿಸಬೇಕು.

ತಾವು ಅಷ್ಟು ಹೇಳಿದರೂ ಬೋರಮ್ಮ ಮಾತು ಕೇಳುವವಳಲ್ಲ. ಮೊನ್ನೆ ಬೆಳಿಗ್ಗೆ ಆಕೆ, ನಾನು, ಕೇರಿಯ ಹೆಂಗಸರೆಲ್ಲ ಸೇರಿ ಕಲ್ಲು ಸಿಮೆಂಟು ತುಂಬಿ ಆ ಮೋರಿಯ ಬಾಯಿ ಮುಚ್ಚಿದೆವು. ಮಧ್ಯಾಹ್ನದ ಹೊತ್ತಿಗೆ ಹಳದಿ ನೀರು ಹಿಂದಕ್ಕೆ ಹೊರಳಿ ಮ್ಯಾನೇಜರರ ಕಾರಿನ ಚಕ್ರ ಮುಟ್ಟಿತು. ಇಷ್ಟು ವರ್ಷ ಕಡಕೊಳದ ದಾರಿಯೇ ಸಿಗದಿದ್ದ ಅಧಿಕಾರಿಗಳ ಜೀಪು ನೆಟ್ಟಗೆ ಬಂದು ನಿಂತು, ಮೋರಿಗೆ ಅನುಮತಿಯೇ ಇರಲಿಲ್ಲವೆಂದು ಅಂದೇ ಕಂಡುಹಿಡಿದು, ಕಾರ್ಖಾನೆಗೆ ಬೀಗ ಹಾಕಿಸಿತು.

ಬಾವಿ ಮಾತ್ರ ಇನ್ನೂ ಹಳದಿಯಾಗಿಯೇ ಇದೆ. ಅದನ್ನು ತಿಳಿಯಾಗಿಸುವುದು ನಮ್ಮ ಕೈಲಾಗದ ಕೆಲಸ, ತಮ್ಮಂಥ ತಜ್ಞರೇ ಆಗಬೇಕು. ಇನ್ನು ತಾವು ಯಾವ ವಿಧಾನ ಆರಿಸಿದರೂ ನಮ್ಮ ತಕರಾರಿಲ್ಲ, ಮೂರನೆಯದೊಂದನ್ನು ಬಿಟ್ಟು.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಸಿದ್ದಲಿಂಗಮ್ಮ

ತಾ.ಕ.: ಮೋರಿ ಮುಚ್ಚಿದ್ದಕ್ಕೆ ಕಾರ್ಖಾನೆಯವರು ಕೊಟ್ಟ ಪೊಲೀಸ್ ದೂರಿನಲ್ಲಿ ಬೋರಮ್ಮ ಮೊದಲನೆಯ ಆರೋಪಿ, ನಾನು ಎರಡನೆಯವಳು. ತಮ್ಮ ಕರಡು ವರದಿಯಲ್ಲಿ ನಾವು ಬರೀ 'ಸ್ಥಳೀಯರು' ಆಗಿದ್ದೆವು. ನಮ್ಮನ್ನು ಹೆಸರು ಹಿಡಿದು ಬರೆದುಕೊಂಡ ಪೊಲೀಸಿನವರಿಗೆ, ತಮಗೆ ಬಿಡುವಾದಾಗ, ನಮ್ಮ ವಂದನೆ ತಿಳಿಸಿ.