ಕೈಯಿಲ್ಲದ ದೇವತೆಯ ಸೀರೆ

ಸೆಪ್ಟೆಂಬರ್ ತಿಂಗಳ ಮೊದಲ ಶನಿವಾರ, ವುಡ್‌ಬ್ರಿಡ್ಜ್‌ನಲ್ಲಿ ಯಾರೋ ಹಳೆ ಸಾಮಾನು ಮಾರುತ್ತಿದ್ದ ಒಂದು ಗರಾಜ್ ಸೇಲ್‌ನಿಂದ ಎರಡೂ ಕೈಗಳಿಲ್ಲದ ಗ್ರೀಕ್ ದೇವತೆಯೊಬ್ಬಳು ಕೆಂಡಲ್ ಪಾರ್ಕ್‌ನ ನಮ್ಮ ಮನೆಗೆ ಬಂದಳು. ಎತ್ತರ ನನ್ನ ಮೊಣಕಾಲಿನಷ್ಟು, ಮೈ ಪ್ಲಾಸ್ಟರ್, ಬಣ್ಣ ಹಾಲಿನ ಬಿಳುಪು. ತಂದವನು ನಾನು. ಪತ್ರಿಕೆಯ ಡೆಸ್ಕಿನಲ್ಲಿ ಇತರರ ವಾಕ್ಯಗಳನ್ನು ತಿದ್ದಿಯೇ ಬದುಕಿದವನಿಗೆ ತನ್ನದೆಂದು ಹೇಳಿಕೊಳ್ಳಲು ಮನೆಯಲ್ಲಿ ಒಂದು ವಸ್ತುವಾದರೂ ಬೇಡವೇ? ನಮ್ಮ ಪರದೆ, ಸೋಫಾ, ಗೋಡೆಯ ಬಣ್ಣ, ಕೊನೆಗೆ ನನ್ನ ಅಂಗಿ ಕೂಡ ನನ್ನ ಹೆಂಡತಿ ಸುಮಿತ್ರೆಯ ಆಯ್ಕೆ. ಈ ದೇವತೆ ಮಾತ್ರ ನನ್ನವಳು, ಕಿಟಕಿಯ ಪಕ್ಕ ನಾನು ನಿಲ್ಲಿಸಿದಲ್ಲೇ ನಿಲ್ಲುತ್ತಾಳೆ ಎಂದು ಅಂದೇ ಘೋಷಿಸಿದೆ.

"ಭಿನ್ನವಾದ ವಿಗ್ರಹ ಮನೇಲಿ ಇಟ್ಕೋಬಾರ್ದು ರೀ," ಎಂದಳು ಸುಮಿತ್ರೆ. "ನವರಾತ್ರಿ ಹತ್ರ ಬಂತು. ಹೊರಗಿಡಿ."

ಇದು ಮುರಿದದ್ದಲ್ಲ, ಕೈ ಕಳೆದುಕೊಂಡ ಹಳೆಯ ಅಫ್ರೋಡೈಟಿ ಶಿಲ್ಪದ ನಕಲು, ಅಚ್ಚಿನಲ್ಲೇ ಕೈಯಿಲ್ಲದೆ ಬಂದದ್ದು ಎಂದು ವಿವರಿಸಿದೆ. ಗ್ರೀಕರ ಕಂಚಿನ ಮೂರ್ತಿಗಳನ್ನು ರೋಮನ್ನರು ಅಮೃತಶಿಲೆಯಲ್ಲಿ ನಕಲು ಮಾಡಿಕೊಂಡರು, ಯಾರಿಗೂ ನಾಚಿಕೆಯಾಗಲಿಲ್ಲ. ಗ್ರೀಕರ ಅಫ್ರೋಡೈಟಿಯನ್ನೇ ವೀನಸ್ ಎಂದು ಕರೆದು ಪೂಜಿಸಿದರು.

"ಮದುವೆ ಆದ್ಮೇಲೆ ನಮ್ಮಜ್ಜಿ ಹೆಸರು ಬದಲಾಯಿಸಿದ ಹಾಗೆ," ಎಂದಳು. "ಆದ್ರೆ ಅಜ್ಜಿಗೆ ಕೈ ಇತ್ತು."

ತೀರ್ಪಿಗಾಗಿ ಪುರೋಹಿತರಿಗೆ ಫೋನ್ ಮಾಡಿದೆವು. ವಾರದ ದಿನಗಳಲ್ಲಿ ಬ್ಯಾಂಕೊಂದರ ಸಾಫ್ಟ್‌ವೇರ್ ನೋಡಿಕೊಳ್ಳುವ ಆ ಯುವ ಪುರೋಹಿತರು ರೂಟ್ ಒನ್ ಹೆದ್ದಾರಿಯ ಟ್ರಾಫಿಕ್‌ನಲ್ಲಿ ಕುಳಿತೇ ಉತ್ತರಿಸಿದರು: "ಪ್ರಾಣಪ್ರತಿಷ್ಠೆ ಆಗಿಲ್ವಲ್ಲ ಆಂಟಿ, ಅದು ವಿಗ್ರಹನೇ ಅಲ್ಲ, ಬರೀ ಗೊಂಬೆ. ಇಟ್ಕೊಳ್ಳಿ." ಗೆದ್ದೆ ಅಂದುಕೊಂಡೆ. ಸುಮಿತ್ರೆ ಫೋನ್ ಇಟ್ಟು, "ಗೊಂಬೆ ತಾನೆ? ಈ ಸಲ ದಸರಾ ಗೊಂಬೆಗಳ ಜೊತೆ ಕೂರಿಸ್ತೀನಿ. ಸೀರೆ ಉಡಿಸಿ," ಎಂದಳು.

ಅಲ್ಲಿ ನಾನು ತಿರುಗಿಬಿದ್ದೆ. ದೇವತೆಯ ಸೊಂಟದ ಬಟ್ಟೆಯ ಮಡಿಕೆಗಳೇ ಆ ಶಿಲ್ಪದ ಜೀವ. ಅಂಥ ಮಡಿಕೆಗಳೇ ಗಾಂಧಾರದವರೆಗೆ ಪ್ರಯಾಣ ಮಾಡಿ ಬುದ್ಧನ ಮೇಲುವಸ್ತ್ರದಲ್ಲಿ ನೆಲೆಸಿದವು. ಆ ಬಿಳುಪು ಅವಳ ಘನತೆ. ಬೇಕಾದರೆ ನಾನೇ ಗರಾಜಿನಲ್ಲಿ ಮಲಗುತ್ತೇನೆ, ಅವಳಿಗೆ ಜರಿಯಂಚು ಸುತ್ತಲು ಬಿಡುವುದಿಲ್ಲ ಎಂದೆ.

"ಆ ಬಟ್ಟೆ ಜಾರ್ತಾ ಇದೆ, ನೋಡಿ. ಪಾಪ, ಹಿಡ್ಕೊಳ್ಳೋಕೆ ಕೈ ಬೇರೆ ಇಲ್ಲ."

ನ್ಯೂಯಾರ್ಕ್‌ನಲ್ಲಿ ಕಲೆಯ ಇತಿಹಾಸ ಓದುತ್ತಿರುವ ಮಗಳು ಅನನ್ಯಾಳನ್ನು ಫೋನಿನಲ್ಲಿ ಸಾಕ್ಷಿಗೆ ಕರೆದೆ. ಸ್ಪೀಕರ್ ಹಾಕಿದವನೂ ನಾನೇ. "ಆಕ್ಚುಲಿ ಅಪ್ಪಾ, ಆ ಗ್ರೀಕ್ ಸ್ಟ್ಯಾಚೂಸ್ ವರ್ ಪೇಂಟೆಡ್. ಬ್ರೈಟ್ ಕಲರ್ಸ್. ಬಣ್ಣ ಎಲ್ಲಾ ಹೋಗ್ಬಿಟ್ಟಿದೆ, ದಟ್ಸ್ ಆಲ್. ಅಥೆನ್ಸ್‌ನಲ್ಲಿ ಫೆಸ್ಟಿವಲ್‌ಗೆ ಗಾಡೆಸ್‌ಗೆ ನ್ಯೂ ಡ್ರೆಸ್ ಕೂಡ ಕೊಡ್ತಿದ್ರು. ಅಮ್ಮ ಈಸ್ ರೈಟ್."

ಸುಮಿತ್ರೆ ಎದ್ದಳು. ಬೀರು ತೆರೆದಳು.

ನನ್ನ ನಿಲುವು ಬದಲಾಗಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ತರಕಾರಿ ಮಾರುವ ಗೊಂಬೆಗಳ ಸಾಲಿನಲ್ಲಿ ಅವಳನ್ನು ಇಡಲು ಒಪ್ಪಲಿಲ್ಲ. ಆ ಒಂದು ವಿಷಯದಲ್ಲಿ ನನ್ನ ಮಾತು ನಡೆಯಿತು. ಈಗ ಅವಳು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ, ಪಟ್ಟದ ಗೊಂಬೆಗಳ ಪಕ್ಕ, ಕೆಂಪಂಚಿನ ಹಸಿರು ಸೀರೆಯಲ್ಲಿ ನಿಂತಿದ್ದಾಳೆ. ಸೆರಗು ಎಷ್ಟು ಸಲ ಹೊದಿಸಿದರೂ ಭುಜದಿಂದ ಜಾರಿ ಸುಮಿತ್ರೆ ಸೋತು ಕುಳಿತಾಗ, ಸೇಫ್ಟಿ ಪಿನ್ ಬಾಯಲ್ಲಿ ಕಚ್ಚಿಕೊಂಡು ಮತ್ತೆ ಮೊದಲಿನಿಂದ ನೆರಿಗೆ ಹಿಡಿದವನು ನಾನು.