ಚಕ್ರವರ್ತಿಗಳ ವಾಲ್ವ್

ಹೊಲಕ್ಕೆ ಡ್ರಿಪ್ ಹಾಕಿಸಿದ ದಿನದಿಂದ ಗುರುಪಾದಪ್ಪನವರು ಬರೀ ರೈತರಾಗಿ ಉಳಿಯದೆ ಕಬ್ಬಿನ ಸಾಮ್ರಾಜ್ಯದ ಚಕ್ರವರ್ತಿಗಳೇ ಆಗಿಬಿಟ್ಟಿದ್ದರು. ವಾಲ್ವ್ ತಿರುಗಿಸುವ ಅಧಿಕಾರ ಅವರೊಬ್ಬರದೇ. ಹೆಂಡತಿ ಕಾಶವ್ವ ಅದರ ಹತ್ತಿರ ಸುಳಿದರೂ ಸಾಕು, "ಏ, ಮುಟ್ಟಬ್ಯಾಡ, ಪ್ರೆಶರ್ ಹೋಗ್ತೈತಿ!" ಎಂದು ಚೀರುತ್ತಿದ್ದರು. (ಪೈಪಿನ ಪ್ರೆಶರ್ ಎಂದೂ ಹೋಗಲಿಲ್ಲ; ಏರುತ್ತಿದ್ದದ್ದು ಅವರದು.)

ಇಂಥವರು ಒಂದು ದಿನ ಮುಧೋಳದಿಂದ ನ್ಯಾನೋ ಯೂರಿಯಾದ ಬಾಟಲಿ ತಂದು ಕಟ್ಟೆಯ ಮೇಲೆ ಪ್ರತಿಷ್ಠಾಪಿಸಿದರು.

"ಯಾರಿಗ್ರಿ ಕೆಮ್ಮು?" ಎಂದಳು ಕಾಶವ್ವ.

"ಕೆಮ್ಮಲ್ಲ, ಗೊಬ್ಬರ. ಒಂದ ಚೀಲ ಯೂರಿಯಾದ ಶಕ್ತಿ ಇದರಾಗ ಕುಂತೈತಿ."

"ಹೆಂಗ? ಕಾಲ ಮಡಚಿಕೊಂಡ ಕುಂತೈತೇನು?"

"ನಿನಗ ತಿಳಿಯಂಗಿಲ್ಲ ಬಿಡ. ಅರ್ಧ ಹೊಲ ಬಾಟ್ಲಿದು, ಅರ್ಧ ನಿನ್ನ ಚೀಲದ್ದು. ಸೀಗಿ ಹುಣ್ಣಿಮಿಗೆ ನಿನ್ನ ತಮ್ಮ ಬರ್ತಾನಲ್ಲ, ಅವನ ನೋಡಿ ಹೇಳ್ಲಿ. ನಾ ಸೋತ್ರ ವಾಲ್ವ್ ನಿನ್ನ ಕೈಗೆ!"

ಅಂಗಡಿಯವನೇನೋ "ಎಲಿಗೆ ಹೊಡೀರಿ" ಎಂದಿದ್ದ. ಆದರೆ ಡ್ರಿಪ್ ಇರುವಾಗ ಬೆನ್ನಿಗೆ ಪಂಪು ಕಟ್ಟಿಕೊಂಡು ತಿರುಗುವುದು ಚಕ್ರವರ್ತಿಗಳಿಗೆ ಶೋಭಿಸುವ ಮಾತೇ? ಬಾಟಲಿಯನ್ನು ಡ್ರಿಪ್ಪಿನ ಗೊಬ್ಬರದ ಟ್ಯಾಂಕಿಗೆ ಸುರಿದು, ತಮ್ಮ ಅರ್ಧದ ಕಡೆಗೆ ವಾಲ್ವ್ ತಿರುಗಿಸಿದರು. ಆಮೇಲೆ ದಿನಾ ಚಹಾದಂಗಡಿಯಲ್ಲಿ ಕುಳಿತು ನ್ಯಾನೋ ಮಹಿಮೆಯ ಪ್ರವಚನ ನಡೆಸಿದರು.

ಸೀಗಿ ಹುಣ್ಣಿಮೆ ಬಂತು. ಅಂದು ಭೂಮಿತಾಯಿ ತುಂಬು ಬಸುರಿ. ಹೊಲದ ತುಂಬ ಎಡೆ ಎರಚಿ, ಚರಗ ಚೆಲ್ಲಿ ಅವಳಿಗೆ ಬಯಕೆಯೂಟ ಬಡಿಸದೆ ಯಾರೂ ಉಣ್ಣುವಂತಿಲ್ಲ. ಕಡಬು, ಹೋಳಿಗೆ, ಪುಂಡಿಪಲ್ಯದ ಬುಟ್ಟಿ ಹೊತ್ತು ಕಾಶವ್ವ ಹೊಲಕ್ಕೆ ಬಂದಳು. ಹಿಂದೆಯೇ ಅಥಣಿಯಿಂದ ಬಂದ ತಮ್ಮ ಶಿವಬಸು.

ಬಾಟಲಿಯ ಕಬ್ಬು ಚೀಲದ ಕಬ್ಬಿಗಿಂತ ಒಂದು ಕೈ ಮೇಲೆಯೇ ಇತ್ತು! ಗುರುಪಾದಪ್ಪನವರು ಇನ್ನೊಂದು ಬಾಟಲಿಯನ್ನು ಕಿಸೆಯಿಂದ ತೆಗೆದು ಗದೆಯಂತೆ ಎತ್ತಿ ಹಿಡಿದರು. "ನೋಡಿದ್ಯಾ ಶಿವಬಸು? ನಿಮ್ಮಕ್ಕಗ ಇನ್ನಾರ ಬುದ್ಧಿ ಬರ್ಲಿ!"

ಕಾಶವ್ವ ಕಡಬು ಮುರಿದು ಚರಗ ಚೆಲ್ಲುತ್ತಿದ್ದಳು.

ಶಿವಬಸು ಬೆರಗಾಗಿ ಗರಿ ಸವರಿದ. "ಮಾಮಾ, ಇನ್ನ ನನ್ನ ಹೊಲಕ್ಕೆಲ್ಲಾ ಇದ. ಚೀಲ ಪೂರಾ ಬಂದ್!"

ಕಾಶವ್ವನ ಕೈಲಿದ್ದ ಕಡಬು ಜಾರಿ ಬಿತ್ತು. "ಬ್ಯಾಡೋ ತಮ್ಮಾ, ಹಾಳಾಗಿ ಹೋದೀ! ನಿಮ್ಮ ಮಾಮಾ ಚಹಾದಂಗಡಿಗೆ ಹೋದಾಗೆಲ್ಲಾ ಆ ಅರ್ಧಕ್ಕೂ ನಾನ ಚೀಲದ ಯೂರಿಯಾ ಕರಗಿಸಿ ಡ್ರಿಪ್ಪಿನಾಗ ಬಿಟ್ಟೀನಿ!"

ಗುರುಪಾದಪ್ಪನವರ ಗದೆ ಕೆಳಗಿಳಿಯಿತು. "ವಾಲ್ವ್... ವಾಲ್ವ್ ಯಾರು ತಿರುಗಿಸಿದ್ರು?"

"ನಾನ. ಪ್ರೆಶರ್ ಏನೂ ಹೋಗ್ಲಿಲ್ರಿ."

"ಸುಮ್ಮನಿದ್ದಿದ್ರ ನೀನ ಗೆಲ್ಲತಿದ್ದೆಲ್ಲ!"

"ಎಲಿ ಹಳದಿ ಆಗಾಕ ಹತ್ತಿದ್ವು. ಬಸುರಿಗೆ ಅರ್ಧ ಹೊಟ್ಟಿ ಉಣಿಸಿ ಅರ್ಧ ಉಪಾಸ ಕೆಡವಾಕ ಆಗ್ತೈತೇನ್ರಿ? ಸೋತ್ರ ಸೋಲ್ತೀನಿ ಅಂದ್ಕೊಂಡೆ."

ಗುರುಪಾದಪ್ಪನವರಿಗೆ ಹೆಂಡತಿಯ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಏನಾದರೂ ಒಳ್ಳೆಯ ಮಾತು ಆಡಬೇಕು ಎಂದುಕೊಳ್ಳುವಷ್ಟರಲ್ಲಿ ಶಿವಬಸು ಬಾಟಲಿ ಇಸಿದುಕೊಂಡು ಓದಿದ.

"ಮಾಮಾ, ಬಾಟ್ಲಿದೇನೂ ತಪ್ಪಿಲ್ಲ. ಇದನ್ನ ಎಲಿಗೆ ಸಿಂಪಡಸ್ಬೇಕು ಅಂತ ಬರದಾರ. ನೀವು ಡ್ರಿಪ್ಪಿಗೆ ಕುಡಿಸೀರೇನು?"

ಮರುದಿನ ಬೆಳಿಗ್ಗೆ ಚಕ್ರವರ್ತಿಗಳು ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲಿಗೆ ಇಳಿದರು. ಕಬ್ಬಿನ ಗರಿ ಕೈ ಮೈಯೆಲ್ಲ ಗೀರಿತು. ಕಾಶವ್ವ ವಾಲ್ವಿನ ಪಕ್ಕದ ಕಲ್ಲಿನ ಮೇಲೆ ಕುಳಿತು ಉಳಿದ ಕಡಬು ಮೆಲ್ಲುತ್ತಿದ್ದಳು. ಕೊನೆಗೆ ಉರಿ ತಾಳದೆ, ಕೈಯಾದರೂ ತೊಳೆಯೋಣವೆಂದು ಅವರು ಮೆಲ್ಲಗೆ ವಾಲ್ವಿನ ಕಡೆ ಕೈ ಚಾಚಿದರು.

"ಏ, ಮುಟ್ಟಬ್ಯಾಡ್ರಿ!" ಎಂದಳು ಕಾಶವ್ವ. "ಪ್ರೆಶರ್ ಹೋಗ್ತೈತಿ!"